ಇಳುವರಿಗಿಂತ ಮೊದಲು ಬೇರು ನೋಡಿ

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆ ಕೆಂಪು ಮರಳು ಮಣ್ಣು. ಮಳೆ ನಂಬಿ ಶೇಂಗಾ ಹಾಕುತ್ತೇವೆ. ಎರಡು ವರ್ಷದಿಂದ ಬೀಜಕ್ಕೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಪೊಟ್ಟಣ ಕಲಸಿ ಬಿತ್ತಿದರೂ ಇಳುವರಿ ಏರಲಿಲ್ಲ. ಸೂಕ್ಷ್ಮಜೀವಿ ಗೊಬ್ಬರ ಅನ್ನೋದು ಸುಮ್ನೆ ಮಾತಾ?

ಉತ್ತರ: ಸುಮ್ನೆ ಮಾತಲ್ಲ. ಬೇರು ನೋಡಿದ್ದೀರಾ? ಬಿತ್ತಿದ 40–45 ದಿನಕ್ಕೆ, ಮಣ್ಣು ಹಸಿಯಿರುವಾಗ, ನಾಲ್ಕೈದು ಗಿಡಗಳನ್ನು ಸನಿಕೆಯಿಂದ ಮಣ್ಣು ಸಮೇತ ಎಬ್ಬಿಸಿ (ಕೈಯಲ್ಲಿ ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ), ನೀರಲ್ಲಿ ಅದ್ದಿ ತೊಳೆದು, ಒಂದೊಂದು ಗಂಟನ್ನೂ ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಕೆಲಸ ನಡೆಯುತ್ತಿಲ್ಲ.

ಗಂಟೇ ಕಮ್ಮಿ ಇದ್ದರೆ ಪೊಟ್ಟಣ ಸತ್ತಿರಬಹುದು. ಅದರಲ್ಲಿರುವುದು ಜೀವ, ಬಿಸಿಲಲ್ಲಿಟ್ಟರೆ ಸಾಯುತ್ತದೆ, ಶಿಲೀಂಧ್ರನಾಶಕದ ಜೊತೆ ಕಲಸಿದರೂ ಸಾಯುತ್ತದೆ. ತಾರೀಖು ನೋಡಿ ತನ್ನಿ. ಆರಿದ ಬೆಲ್ಲದ ಪಾಕದಲ್ಲಿ ಹಗುರವಾಗಿ ಕಲಸಿ, ಶೇಂಗಾ ಬೀಜದ ಸಿಪ್ಪೆ ತೆಳು ಅಲ್ವಾ, ಉಜ್ಜಿದರೆ ಸುಲಿಯುತ್ತದೆ. ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿ. ಯೂರಿಯಾ ಜಾಸ್ತಿ ಕೊಟ್ಟರೂ ಗಂಟು ಕಮ್ಮಿಯಾಗುತ್ತದೆ. ಗಿಡ ತನ್ನ ಸಕ್ಕರೆ ಕೊಟ್ಟು ಈ ಬ್ಯಾಕ್ಟೀರಿಯಾ ಸಾಕುತ್ತದೆ, ಸಾರಜನಕ ಪುಕ್ಕಟೆ ಸಿಕ್ಕಾಗ ಯಾಕೆ ಸಾಕುತ್ತದೆ ಹೇಳಿ?

ಇನ್ನೊಂದು ಸಾಧ್ಯತೆ ಇದೆ, ನನಗೆ ಇದೇ ಜಾಸ್ತಿ ಅನುಮಾನ. ವರ್ಷಾನುಗಟ್ಟಲೆ ಶೇಂಗಾ ಬೆಳೆದ ಹೊಲದಲ್ಲಿ ಈ ಬ್ಯಾಕ್ಟೀರಿಯಾ ಮೊದಲೇ ಇರುತ್ತದೆ. ಆಗ ಪೊಟ್ಟಣದಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಗಂಟು ಕೆಂಪಗಿದ್ದೂ ಇಳುವರಿ ನಿಂತಿದ್ದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲದ (ಕೊಳೆತ ಕಸ, ಗೊಬ್ಬರದಿಂದ ಮಣ್ಣಲ್ಲಿ ಉಳಿಯುವ ಇಂಗಾಲ) ಸಾಲು ನೋಡಿ. ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಮಣ್ಣು ಹಸಿದಿದೆ ಅಂತಲೇ ಅರ್ಥ. ಕಸ ಕೊಳೆಸಿ ಪೋಷಕಾಂಶ ಬಿಡಿಸುವ ಜೀವಿಗಳಿಗೆ ಊಟವೇ ಇಲ್ಲ, ಅವುಗಳ ಅಂಟಿನಿಂದ ಮಣ್ಣಿನ ಕಣ ಕೂಡಿ ಹರಳುಗಟ್ಟುವುದಿಲ್ಲ, ಮರಳು ಮಣ್ಣು ಮೊದಲೇ ನೀರು ಹಿಡಿಯುವುದಿಲ್ಲ, ಮಳೆ ಎಂಟು ದಿನ ತಡವಾದರೆ ಗಿಡ ಬಾಡುತ್ತದೆ. ಕೊಟ್ಟಿಗೆ ಗೊಬ್ಬರ ಹಾಕಿ, ಶೇಂಗಾ ಜೊತೆ ತೊಗರಿ ಸಾಲು ಬಿಡಿ, ಅದರ ಎಲೆ ಅಲ್ಲೇ ಉದುರಲಿ. ಹೊಲದಲ್ಲಿ ಕಸಕ್ಕೆ ಬೆಂಕಿ ಮಾತ್ರ ದಯವಿಟ್ಟು ಬೇಡ.

ಪ್ರಶ್ನೆ: ಬಿತ್ತನೆಗೆ ಸ್ವಲ್ಪ ಮೊದಲು ಕೊಳೆಯದ ಹುಲ್ಲು, ರವದಿ (ಬೆಳೆಯ ಒಣ ಕಸ) ಮಣ್ಣಿಗೆ ಸೇರಿಸಿದೆ. ಜೋಳ ಹಳದಿಯಾಗಿದೆ. ಯಾಕೆ?

ಉತ್ತರ: ರವದಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನೂ ಎಳೆದುಕೊಂಡವು, ಬೆಳೆಗೆ ಸಿಗಲಿಲ್ಲ. ಈಗ ಸ್ವಲ್ಪ ಯೂರಿಯಾ ಕೊಡಿ. ಮುಂದಿನ ಸಲ ರವದಿಯನ್ನು ಗುಂಡಿಯಲ್ಲಿ ಸಗಣಿ ಜೊತೆ ಕೊಳೆಸಿಯೇ ಹಾಕಿ.