ಹಳೆ ಕಾರಿಗೆ ಎಷ್ಟು ಕೊಟ್ಟರೆ ಸರಿ?

ಪ್ರಶ್ನೆ: ಮಂಡ್ಯದಲ್ಲಿ ಬ್ರೋಕರ್ ಒಬ್ಬರು 2012ರ ಮಾರ್ಚ್‌ನ ವ್ಯಾಗನ್ ಆರ್ ವಿಎಕ್ಸ್‌ಐ ತೋರಿಸಿದ್ದಾರೆ. ಕೆಎ-11 ನೋಂದಣಿ, ಎರಡನೇ ಓನರ್, ಮೀಟರಿನಲ್ಲಿ 86,000 ಕಿ.ಮೀ. 2.25 ಲಕ್ಷ ಹೇಳುತ್ತಿದ್ದಾರೆ. ಅದೇ ವರ್ಷದ, ಅದೇ ಮಾಡೆಲ್‌ನ ಆರು ಗಾಡಿಗಳ ಜಾಹೀರಾತು ನೋಡಿದೆ: 1.75, 1.95, 2.05, 2.10, 2.20, 2.60 ಲಕ್ಷ. ಈ ಗಾಡಿಗೆ ಇನ್ಶೂರೆನ್ಸ್ ಇಲ್ಲ, ಟೈರು 2017ರವು, ಕ್ಲಚ್ ತೀರಾ ಮೇಲೆ ಹಿಡಿಯುತ್ತದೆ. ಹಳೇ ಪಾಲಿಸಿಯಲ್ಲಿ ಐಡಿವಿ (ಇನ್ಶೂರೆನ್ಸ್ ಕಂಪನಿ ಗಾಡಿಗೆ ಕಟ್ಟಿದ ಬೆಲೆ) 2.4 ಲಕ್ಷ ಇದೆಯೆಂದು ಬ್ರೋಕರ್ ಅದನ್ನೇ ಮುಂದೆ ಹಿಡಿಯುತ್ತಾರೆ. ಎಷ್ಟಕ್ಕೆ ಕೇಳಲಿ?
– ಓದುಗರು, ಮದ್ದೂರು

ಉತ್ತರ: ಐಡಿವಿಯನ್ನು ಮೊದಲು ಪಕ್ಕಕ್ಕಿಡಿ. ಅದನ್ನು ಇಳಿಸಲು ನಿಗದಿಯಾದ ಪಟ್ಟಿ ಇರುವುದು ಐದು ವರ್ಷದವರೆಗೆ ಮಾತ್ರ. ನಾಲ್ಕು ದಾಟಿ ಐದರೊಳಗಿದ್ದರೆ 50 ಪರ್ಸೆಂಟ್ ಕಡಿತ. ಅಲ್ಲಿಂದಾಚೆಗೆ ಕಂಪನಿಯೂ ಮಾಲೀಕರೂ ಒಪ್ಪಿಕೊಂಡದ್ದೇ ಐಡಿವಿ. ಹದಿಮೂರು ವರ್ಷ ದಾಟಿದ ಗಾಡಿಗೆ ಅದು ಮಾರುಕಟ್ಟೆ ಬೆಲೆಯ ಸಾಕ್ಷಿ ಆಗುವುದಿಲ್ಲ.

ನಿಮ್ಮ ಆರು ಜಾಹೀರಾತೇ ಒಳ್ಳೆಯ ಆಧಾರ. ಮೇಲಿನ 2.60, ಕೆಳಗಿನ 1.75 ಎರಡನ್ನೂ ಬಿಡಿ. ಒಂದರಲ್ಲಿ ಆಸೆ ಜಾಸ್ತಿ, ಇನ್ನೊಂದರಲ್ಲಿ ಏನೋ ತೊಡಕಿರುತ್ತದೆ. ಉಳಿದ ನಾಲ್ಕರ ಸರಾಸರಿ 2,07,500. ಇದು ಕೇಳುವ ರೇಟು, ಕೈ ಬದಲಾಗುವ ರೇಟಲ್ಲ. ಚೌಕಾಸಿಗೆ ಏಳು ಪರ್ಸೆಂಟ್ ಬಿಟ್ಟರೆ ಸುಮಾರು 1,93,000. 2012ರ ಸಾಮಾನ್ಯ ಸ್ಥಿತಿಯ ಗಾಡಿಗೆ ಅಷ್ಟು ಎಂದಿಟ್ಟುಕೊಳ್ಳಿ.

ಇನ್ನು ಕಡಿತ. ಇಲ್ಲಿ ಹಲವರು ಲೆಕ್ಕ ತಪ್ಪುತ್ತಾರೆ, ಕಂಡ ದೋಷವನ್ನೆಲ್ಲ ಪೂರ್ತಿ ಕಳೆಯುತ್ತಾರೆ. ಜಾಹೀರಾತಿನ ಉಳಿದ ಗಾಡಿಗಳ ಟೈರೂ ಹೊಸದಲ್ಲ, ಅರ್ಧ ಸವೆದಿರುವಂಥವೇ. ಆದ್ದರಿಂದ ನಾಲ್ಕು ಟೈರಿಗೆ 15,000 ಆಗುವುದಾದರೆ ಕಳೆಯಬೇಕಾದ್ದು ಅರ್ಧ, 7,500. ಕ್ಲಚ್ ಹಾಗಲ್ಲ, ಸರಿಯಿರುವ ಗಾಡಿಯಲ್ಲಿ ಆ ಖರ್ಚು ಇರುವುದೇ ಇಲ್ಲ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಕೂಲಿ ಸೇರಿ ಸುಮಾರು 8,000 ಪೂರ್ತಿ ಕಳೆಯಿರಿ. (ಇವು ಹೊರಗಿನ ಗ್ಯಾರೇಜಿನ ಅಂದಾಜು. ನಿಮ್ಮ ಮೆಕ್ಯಾನಿಕ್ ಕೈಲಿ ಬರೆಸಿಕೊಂಡರೆ ಮಾತಿಗೆ ಬಲ ಬರುತ್ತದೆ.) ಇನ್ಶೂರೆನ್ಸಿಗೆ 2,000 ಕಳೆಯಿರಿ, 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1,000 ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ತೆರಿಗೆ ಬಿಟ್ಟು 2,094 ರೂಪಾಯಿ, ಇದರ ಎಂಜಿನ್ 998 ಸಿಸಿ.

ಆರ್‌ಸಿ 2027ರ ಮಾರ್ಚ್‌ಗೆ ಮುಗಿಯುತ್ತದೆ. ಆಗ ಫಿಟ್ನೆಸ್ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000ಕ್ಕೆ ಏರಿದೆ, ಹಸಿರು ತೆರಿಗೆ ಬೇರೆ. ಆದರೆ ನೀವು ನೋಡಿದ ಆರೂ 2012ರವೇ ಆದ್ದರಿಂದ ಈ ಭಾರ ಅವುಗಳ ಬೆಲೆಯಲ್ಲೇ ಸೇರಿದೆ. ಮತ್ತೆ ಕಳೆಯಬೇಡಿ.

ಉಳಿದದ್ದು 1,75,500. 1.60ಕ್ಕೆ ಮಾತು ಶುರು ಮಾಡಿ, 1.75 ದಾಟಬೇಡಿ. 2.25 ಹೇಳಿದವರು 1.75ಕ್ಕೆ ಇಳಿಯದೆಯೂ ಇರಬಹುದು. ಇಳಿಯದಿದ್ದರೆ ಬಿಡಿ, ವ್ಯಾಗನ್ ಆರ್‌ಗೆ ನಮ್ಮ ಕಡೆ ಬರಗಾಲವಿಲ್ಲ.

ಈ ಲೆಕ್ಕ ನಿಲ್ಲುವುದು ಎಂಜಿನ್ ಗಟ್ಟಿಯಿದ್ದರೆ ಮಾತ್ರ. ಬೆಳಿಗ್ಗೆ ಮೊದಲ ಸ್ಟಾರ್ಟ್ ನಿಮ್ಮೆದುರೇ ಆಗಲಿ. ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ. ಈ ಕೆ-ಸೀರೀಸ್ ಎಂಜಿನ್‌ಗೆ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ಎಂಜಿನ್ ತಿರುಗುವುದಕ್ಕೆ ಹೊಂದಿಸುವ ಸರಪಳಿ) ಇದೆ, ಬೆಲ್ಟ್ ಅಲ್ಲ. ತಣ್ಣಗಿದ್ದಾಗ ಗರಗರ ಸದ್ದು ಬಂದು ನಿಲ್ಲದಿದ್ದರೆ ಚೈನ್ ಸಡಿಲವಾಗಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಪುಸುಪುಸು ಎಂದು ಉಗುಳಿದರೆ ಪಿಸ್ಟನ್ ರಿಂಗ್ ಸವೆದಿವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕ್ಲಚ್ಚಿಗೆ ಟಾಪ್ ಗೇರಿನಲ್ಲಿ 40ರ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಅಡ್ಜಸ್ಟ್‌ಮೆಂಟಿಗೆ ಸರಿಹೋಗುವ ಕಾಲ ಮುಗಿದಿದೆ. ಕೊನೆಗೆ ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ. ಗದ್ದೆ ಬಯಲಿನ ಮಣ್ಣುರಸ್ತೆಯಲ್ಲಿ ಓಡಿದ ಕಾರಿನ ಚಕ್ರ ಹಿಡಿದಿರುವ ಲೋವರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ಕೂರುವ ಸ್ಟ್ರಟ್ ಮೌಂಟ್ ಬೇಗ ಹೋಗುತ್ತವೆ. ಎರಡೂ ಕಡೆ ಬದಲಿಸಬೇಕೆಂದರೆ ಆ ಖರ್ಚನ್ನೂ ಕಳೆಯಿರಿ.

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ 2011ರ ಸ್ಯಾಂಟ್ರೋ ಝಿಂಗ್ ಇದೆ. ಓಡಿರುವುದು 41,000 ಕಿ.ಮೀ. ಮಾತ್ರ, ಒಬ್ಬರೇ ಓನರ್. ಕಡಿಮೆ ಓಡಿದ್ದಕ್ಕೆ 40,000 ಹೆಚ್ಚು ಕೇಳುತ್ತಾರೆ. ಕೊಡಬಹುದೇ?
– ಓದುಗರು, ಮೈಸೂರು

ಉತ್ತರ: ಅಷ್ಟು ಬೇಡ. ವರ್ಷಕ್ಕೆ 3,000 ಕಿ.ಮೀ. ಎನ್ನುವುದು ನಂಬಲಾಗದ ಅಂಕಿಯಲ್ಲ, ಬರೀ ತರಕಾರಿ-ಬ್ಯಾಂಕು ಎಂದು ಓಡಿದ ಕಾರುಗಳು ಆ ಊರಿನಲ್ಲಿ ಇವೆ. ಆದರೆ ಪುರಾವೆ ಬೇಕು: ಕಿ.ಮೀ. ಬರೆದ ಹಳೇ ಸರ್ವಿಸ್ ಬಿಲ್‌ಗಳು ಸಾಲಾಗಿ ಏರುತ್ತಾ ಬಂದಿರಬೇಕು. ಬ್ರೇಕ್ ಪೆಡಲ್ಲಿನ ರಬ್ಬರ್ ನುಣ್ಣಗಾಗಿ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಮೀಟರ್ ತಿರುಗಿಸಿದ್ದಾರೆಂದೇ ತಿಳಿಯಿರಿ.

ಅಂಕಿ ನಿಜವಾದರೂ ರಬ್ಬರಿಗೆ ವಯಸ್ಸಾಗುವುದು ಕಿಲೋಮೀಟರಿನಿಂದಷ್ಟೇ ಅಲ್ಲ, ಕಾಲದಿಂದಲೂ. ಈ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ. 41,000 ತಾನೇ ಎಂದು ಅದನ್ನು ಒಮ್ಮೆಯೂ ಬದಲಿಸದಿರುವ ಸಾಧ್ಯತೆ ಹೆಚ್ಚು. ಓಡುವಾಗ ತುಂಡಾದರೆ ವಾಲ್ವ್ ಬಗ್ಗಿ ಹೆಡ್ ಬಿಚ್ಚುವ ಕೆಲಸ ಬೀಳಬಹುದು. ಬದಲಿಸಿದ ಬಿಲ್ ಇಲ್ಲದಿದ್ದರೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸುವ ಖರ್ಚು ಕಳೆಯಿರಿ. ಕೂಲೆಂಟ್ ಪೈಪು, ಬ್ರೇಕ್ ಆಯಿಲ್, ವೀಲ್ ಸಿಲಿಂಡರ್ ಕಪ್‌ಗಳೂ ಇದೇ ಸಾಲಿನವು. ಚಾಮುಂಡಿ ಬೆಟ್ಟ ಒಮ್ಮೆ ಎಸಿ ಹಾಕಿಕೊಂಡು ಹತ್ತಿಸಿ. ನಿಂತು ನಿಂತು ರೇಡಿಯೇಟರಿನಲ್ಲಿ ಕಿಲುಬು ಕಟ್ಟಿದ್ದರೆ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಮೇಲೆ ಹೋಗಿ ತೋರಿಸಿಕೊಡುತ್ತದೆ.

ಬಿಲ್ಲೆಲ್ಲ ಸರಿಯಿದ್ದು ಬಾಡಿ ಮೂಲ ಬಣ್ಣದಲ್ಲೇ ಇದ್ದರೆ 15,000ದಿಂದ 20,000 ಹೆಚ್ಚು ಕೊಡುವುದು ನ್ಯಾಯ.

ಪ್ರಶ್ನೆ: ಕೆಎ-19 ನೋಂದಣಿಯ ಆಲ್ಟೋ ಒಂದು ಇಲ್ಲಿನ ಬೆಲೆಗಿಂತ 25,000 ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ?
– ಓದುಗರು, ಹುಣಸೂರು

ಉತ್ತರ: ಮಂಗಳೂರಿನ ಕಾರು ಎಂದರೆ ಉಪ್ಪುಗಾಳಿ, ಮಳೆ, ತುಕ್ಕು. ಎಂಜಿನ್‌ಗಿಂತ ತಳ ಮುಖ್ಯ. ಮ್ಯಾಟ್ ಎತ್ತಿ ನೆಲ ನೋಡಿ, ಬಾಗಿಲ ಕೆಳಗಿನ ಹೊಸ್ತಿಲನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಠಣ್ ಎನ್ನದೆ ಮೆತ್ತಗೆ ಸದ್ದು ಬಂದರೆ ಒಳಗೆ ತುಕ್ಕೋ ಮೆತ್ತಿದ ಪುಟ್ಟಿಯೋ ಇದೆ. ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅನುಮಾನ ಇನ್ನೂ ಹೆಚ್ಚಲಿ. ಸ್ಟ್ರಟ್ ಕೂರುವ ಜಾಗದಲ್ಲಿ ತೂತು ಕಂಡರೆ 50,000 ಇಳಿಸಿದರೂ ಬೇಡ. ಬರೀ ಮೇಲ್ಮೈ ಕಂದಿದ್ದರೆ ತೆಗೆದುಕೊಳ್ಳಿ.

ಪ್ರಶ್ನೆ: ಡಿಎಲ್ ನಂಬರಿನ (ದೆಹಲಿ ನೋಂದಣಿಯ) ಕಾರು 90,000ಕ್ಕೆ. ಹಣ ಕೊಟ್ಟು ಓಡಿಸಿಕೊಂಡಿರಿ, ಹೆಸರು ಆಮೇಲೆ ಬದಲಿಸೋಣ ಎನ್ನುತ್ತಾರೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಕಾರು ಓಡಿಸುವಂತಿಲ್ಲ ಎಂದು ಹಿಂದೆ ಬಂದಿದ್ದ ಆದೇಶದಿಂದ ಅಲ್ಲಿನ ಬೆಲೆ ಬಿದ್ದಿತ್ತು. ಇಲ್ಲಿಗೆ ಬಂದ ಮೇಲೆ ಅಲ್ಲಿನ ಆರ್‌ಟಿಒದ ಎನ್ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಗಾಡಿಯ ವಯಸ್ಸಿನ ಪ್ರಕಾರ ಕಟ್ಟಬೇಕು. ಆ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ 90,000ಕ್ಕೆ ಕೂಡಿಸಿದ ಮೇಲಷ್ಟೇ ಅಗ್ಗವೋ ತುಟ್ಟಿಯೋ ಗೊತ್ತಾಗುವುದು. ಎನ್ಒಸಿ ಕೈಗೆ ಬರುವ ಮುಂಚೆ ಟೋಕನ್ ಅಡ್ವಾನ್ಸ್ ಕೂಡ ಕೊಡಬೇಡಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಸಾಲದ ನಮೂದು, ಬಾಕಿ ದಂಡ, ಎಷ್ಟನೇ ಓನರ್ ಎಂಬುದನ್ನು ನೋಡಿ. ಸಾಲವಿದ್ದರೆ ಬ್ಯಾಂಕಿನ ಪತ್ರ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಹೆಸರು ಬದಲಿಸುವ ಫಾರಂ 29, 30ಕ್ಕೆ ಆರ್‌ಸಿಯಲ್ಲಿರುವ ಮಾಲೀಕರೇ ನಿಮ್ಮೆದುರು ಸಹಿ ಹಾಕಲಿ, ಬಾಕಿ ಹಣ ಆಮೇಲೆ.