ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೆ ಶುಗರ್ ಇಳಿಯುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ನಿಮಗೆ 38 ವರ್ಷ, ಈಗಷ್ಟೇ ಶುಗರ್ ಅಂತ ಗೊತ್ತಾಗಿದೆ. ಊರು ಗಂಗಾವತಿ ಕಡೆ, ಮೂರು ಹೊತ್ತೂ ಅನ್ನ. ನಿಮ್ಮ ತಾತ ಜೋಳದ ರೊಟ್ಟಿ ತಿಂದು ಕೊನೆವರೆಗೂ ಗಟ್ಟಿಮುಟ್ಟಾಗಿದ್ದರು. ನೀವೂ ರೊಟ್ಟಿಗೆ ಬಂದರೆ ಮಾತ್ರೆ ಬಿಡಬಹುದಾ?

ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ ಅಣ್ಣಾ, ಅದನ್ನು ಡಾಕ್ಟರೇ ಹೇಳಬೇಕು. ಊಟದ ವಿಷಯ ನಾನು ಒಂದಿಷ್ಟು ಹೇಳಬಲ್ಲೆ. ಸಿಂಧನೂರಿನಲ್ಲಿ ನಮ್ಮದು ರೊಟ್ಟಿ ಮಾಡಿ ಮಾರುವ ಮನೆ. ಮೊದಲು ಮದುವೆ, ಜಾತ್ರೆಗೆ ಅಂತ ಒಯ್ಯುತ್ತಿದ್ದರು. ಈಗ ಶುಗರ್‌ನವರೇ ಜಾಸ್ತಿ. ಮಾರುವವಳೇ ಹೇಳ್ತಿದ್ದೀನಿ, ಬರೀ ರೊಟ್ಟಿಯಿಂದ ಶುಗರ್ ಇಳಿಯಲ್ಲ.

ಲೆಕ್ಕ ನೋಡಿ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಬ್ಬಿಣದ ಅಂಶವೂ ಜೋಳದಲ್ಲೇ ಎಷ್ಟೋ ಪಟ್ಟು ಜಾಸ್ತಿ. ಸಜ್ಜೆಯಲ್ಲಿ ಇನ್ನೂ ಜಾಸ್ತಿ. ಇಲ್ಲಿವರೆಗೆ ರೊಟ್ಟಿಯೇ ಗೆದ್ದಿತು. ಆದರೆ ಒಂದು ದೊಡ್ಡ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತೆ ಅಂದುಕೊಳ್ಳಿ, ಅದರಲ್ಲಿ ಸುಮಾರು 30 ಗ್ರಾಂ ಪಿಷ್ಟವೇ. ‘ಜೋಳದ್ದು, ಏನೂ ಆಗಲ್ಲ’ ಅಂತ ಕೂತ ಕಡೆ ನಾಲ್ಕು ರೊಟ್ಟಿ ತಿಂದು, ಕೊನೆಗೆ ಒಂದು ತುತ್ತು ಅನ್ನ ಸಾರು ಅಂದರೆ ಎಷ್ಟಾಯಿತು?

ತಾತನ ತಾಟಿನಲ್ಲಿ ರೊಟ್ಟಿಯ ಜೊತೆ ಏನಿತ್ತು ಅನ್ನೋದನ್ನ ಯಾರೂ ಕೇಳಲ್ಲ. ಪುಂಡಿ ಪಲ್ಯ, ಹೆಸರುಕಾಳು ಇಲ್ಲವೇ ಮಡಿಕೆಕಾಳು, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಉಳ್ಳಾಗಡ್ಡಿ, ಮಜ್ಜಿಗೆ. ಜೋಳದಲ್ಲಿ ಲೈಸಿನ್ ಅನ್ನೋ ಪ್ರೋಟೀನಿನ ಭಾಗ ಕಡಿಮೆ. ಕಾಳು ಅದನ್ನು ತುಂಬಿಕೊಡುತ್ತೆ. ಈಗ ನಮ್ಮಲ್ಲಿ ರೊಟ್ಟಿ ಒಯ್ಯುವವರು ‘ಪಲ್ಯ ಬೇಡ, ಶೇಂಗಾ ಚಟ್ನಿ ಸಾಕು’ ಅಂತಾರೆ!

ಹಾಗಂತ ಹಳೇ ಕಾಲದ್ದೆಲ್ಲ ಚಿನ್ನ ಅಂದ್ಕೋಬೇಡಿ. ಜೋಳ ಬಿಟ್ಟರೆ ಬೇರೇನೂ ಸಿಗದ ದಖ್ಖನ್ನಿನ ಬಡವರಲ್ಲಿ ಪೆಲಾಗ್ರ ಅನ್ನೋ ಕಾಯಿಲೆ ಇತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತೆ, ಭೇದಿ ಹಿಡಿಯುತ್ತೆ, ತಲೆಯೂ ಕೆಡುತ್ತೆ. ನಯಾಸಿನ್ ಅನ್ನೋ ಬಿ ವಿಟಮಿನ್ ದೇಹಕ್ಕೆ ಸಾಲದೆ ಬರುವಂಥದ್ದು. ಹೈದರಾಬಾದಿನಲ್ಲಿ ಪೌಷ್ಟಿಕ ಆಹಾರದ ವಿಜ್ಞಾನಿ ಸಿ. ಗೋಪಾಲನ್ ಅವರ ತಂಡ 1960ರ ಆಸುಪಾಸು ಇದನ್ನೇ ಕೂತು ಅಧ್ಯಯನ ಮಾಡಿತ್ತು. ಇನ್ನೊಂದು, ಗಟ್ಟಿಯಾಗಿ ಬದುಕಿದ ತಾತ ನಮಗೆ ನೆನಪಿರುತ್ತಾರೆ, ಹೆರಿಗೆಯಲ್ಲಿ ಹೋದ ಅವರ ಅಕ್ಕ ತಂಗಿಯರು ಯಾರ ನೆನಪಲ್ಲೂ ಇಲ್ಲ.

ನಮ್ಮ ಕಡೆ ಊಟ ಬದಲಾದದ್ದು ಕಾಲುವೆಯಿಂದ. ತುಂಗಭದ್ರಾ ನೀರು 1953ರಲ್ಲಿ ಹರಿಯಿತು. ಎಡದಂಡೆ ಕಾಲುವೆಗುಂಟ ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲ ಭತ್ತವಾಯಿತು. ಹಿಂದೆ ಅನ್ನ ಅಂದರೆ ಹಬ್ಬ. ಈಗ ಸೋನಾ ಮಸೂರಿ ಹೊಲದ ಬದುವಿನಲ್ಲೇ, 2013ರಿಂದ ಅನ್ನಭಾಗ್ಯದ ಅಕ್ಕಿಯೂ ಮನೆಗೆ. ಹಸಿವು ನೀಗಿತಲ್ಲ, ಅದನ್ನು ನಾನು ಹಳಿಯಲ್ಲ. ಆದರೆ ಅದೇ ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಹೊಲಕ್ಕೆ ಹೋಗೋಕೆ ಬೈಕ್ ಬಂತು. ತಾತ ದಿನವಿಡೀ ಮೈಮುರಿದು ದುಡಿದು ಸುಡುತ್ತಿದ್ದ ಊಟವನ್ನು ನಾವು ಕೂತು ತಿಂದು ಕೂತೇ ಇರುತ್ತೇವೆ. ಸಂಜೆ ಐದಕ್ಕೆ ಒಗ್ಗರಣೆ ಮಂಡಕ್ಕಿ, ಮೇಲೆ ಎರಡು ಮಿರ್ಚಿ, ಸಕ್ಕರೆ ಚಹಾ. ರಾತ್ರಿ ಹತ್ತಕ್ಕೆ ಊಟ, ಕೈಯಲ್ಲಿ ಮೊಬೈಲ್. ಮಂಡಕ್ಕಿ ಹಗುರ ಅಂತ ತಿಂತೀರಿ, ಅದೂ ಅಕ್ಕಿಯೇ, ಬೇಗ ಸಕ್ಕರೆಯಾಗುತ್ತೆ. ನನ್ನ ಕೇಳಿದರೆ ಮೊದಲು ನಿಲ್ಲಿಸಬೇಕಾದದ್ದು ಈ ಸಂಜೆಯ ತಾಟು. ಅನ್ನದ ಮಾತು ಆಮೇಲೆ.

ರೊಟ್ಟಿ ತಿನ್ನಿ, ಆದರೆ ಹೊತ್ತಿಗೆ ಎರಡು ಸಾಕು. ಅದರ ಎರಡು ಪಾಲು ಪಲ್ಯ, ಒಂದು ಬಟ್ಟಲು ಕಾಳು ಇರಲಿ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ ಓಡಾಡಿ. ಮನೆಯಲ್ಲಿ ಶುಗರ್ ಮಷೀನ್ ಇದ್ದರೆ ಒಂದು ದಿನ ಅನ್ನ ಉಂಡು, ಇನ್ನೊಂದು ದಿನ ಹೀಗೆ ಉಂಡು, ಎರಡು ಗಂಟೆ ಬಿಟ್ಟು ನೋಡಿ. ನಿಮ್ಮ ಮೈಗೆ ಯಾವುದು ಒಗ್ಗುತ್ತೆ ಅಂತ ಅಲ್ಲೇ ಕಾಣುತ್ತೆ. ಸಂಖ್ಯೆ ಇಳಿಯತೊಡಗಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಮಾತ್ರೆ ತಿನ್ನುತ್ತಾ ಊಟ ದಿಢೀರ್ ಅಂತ ಕಡಿಮೆ ಮಾಡಿದರೆ ಶುಗರ್ ತೀರಾ ಕೆಳಗೂ ಬೀಳಬಹುದು.

ಹೊರಗೆ ಕೊಳ್ಳುವಾಗ ತೀರಾ ಬಿಳಿ, ತೀರಾ ಮೆತ್ತನೆ ರೊಟ್ಟಿ ಕಂಡರೆ ‘ಅಕ್ಕಿ ಹಿಟ್ಟು ಬೆರೆಸಿದ್ದೀರಾ’ ಅಂತ ಕೇಳಿ. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ಚೆನ್ನಾಗಿ ನಾದಿದರೆ ಮಾತ್ರ ಬಡಿಯುವಾಗ ಅಂಚು ಸೀಳಲ್ಲ. ಅಷ್ಟು ನಾದೋಕೆ ರಟ್ಟೆ ಬೇಕು. ಅದಕ್ಕೇ ಕೆಲವರು ಅಕ್ಕಿ ಹಿಟ್ಟಿನ ದಾರಿ ಹಿಡಿಯುತ್ತಾರೆ.

ಅಂದಹಾಗೆ, ಮನೆಯಲ್ಲಿ ರೊಟ್ಟಿ ಬಡಿಯೋರು ಯಾರು? ‘ನಾಳೆಯಿಂದ ನನಗೆ ರೊಟ್ಟಿ’ ಅಂತ ಗಂಡಸರು ಹೇಳಿಬಿಡುತ್ತಾರೆ, ರಟ್ಟೆ ನೋವು ಹೆಂಡತಿಗೆ. ನಾದುವ ಕೆಲಸ ನೀವೇ ಹಿಡಿದುಕೊಳ್ಳಿ ಅಣ್ಣಾ. ಹೇಗೂ ಮೈ ಅಲುಗಾಡಬೇಕಲ್ವಾ?