ಕಣ್ಣು ಕಾಣದ ಕಾಕಾರ ಜೊತೆ ಊರೂರು

ಪ್ರಶ್ನೆ: ನಮ್ಮ ಕಾಕಾ ಕತೆಗಾರರು, ವಯಸ್ಸು 74. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಮೊದಲು ಬೀದರ್, ಆಮೇಲೆ ಮಗಳಿರುವ ಅಮೆರಿಕಕ್ಕೆ ಹೋಗಬೇಕು ಅಂತಾರೆ. ಜೊತೆಗೆ ಹೋಗುವವ ನಾನು. ಕೈ ಹಿಡಿದು ನಡೆಸಿದರೆ ಕೊಸರಿಕೊಳ್ಳುತ್ತಾರೆ. ಏನು ಮಾಡಲಿ?
– ಓದುಗ, ಕಲಬುರಗಿ

ಉತ್ತರ: ಕೊಸರಿಕೊಳ್ಳುವುದು ಸರಿಯೇ. ನೀವು ಅವರನ್ನು ಹಿಡಿಯಬಾರದು, ಅವರು ನಿಮ್ಮನ್ನು ಹಿಡಿಯಬೇಕು. ನಿಮ್ಮ ಮೊಣಕೈಗಿಂತ ತುಸು ಮೇಲೆ, ಹೆಬ್ಬೆರಳು ಹೊರಗೆ, ಉಳಿದ ಬೆರಳು ಒಳಗೆ. ಆಗ ಅವರು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ; ನೀವು ಏರಿದ್ದು, ಇಳಿದದ್ದು, ತಿರುಗಿದ್ದು ತೋಳಿನಿಂದಲೇ ತಿಳಿಯುತ್ತದೆ. ಹಿಂದಿನಿಂದ ದಬ್ಬಿಕೊಂಡು ಹೋದರೆ ಗುಂಡಿಗೆ ಮೊದಲು ಬೀಳುವವರು ಅವರೇ. ಇಕ್ಕಟ್ಟಿನ ಜಾಗದಲ್ಲಿ ನಿಮ್ಮ ತೋಳನ್ನು ಬೆನ್ನ ಹಿಂದಕ್ಕೆ ಒಯ್ಯಿರಿ, ಅವರು ತಾವಾಗಿಯೇ ನಿಮ್ಮ ಹಿಂದೆ ಸರಿಯುತ್ತಾರೆ. ಮೆಟ್ಟಿಲು ಬಂದರೆ ನಿಂತು, ಏರುವುದೋ ಇಳಿಯುವುದೋ ಹೇಳಿ. ಕೊನೆಯ ಮೆಟ್ಟಿಲನ್ನೂ ಹೇಳಿ. ಎಡವುವುದು ಹೆಚ್ಚಾಗಿ ಅಲ್ಲೇ, ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು. ಕುರ್ಚಿಯಲ್ಲಿ ಕೂಡಿಸುವಾಗ ಭುಜ ಒತ್ತಬೇಡಿ, ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ಮುಟ್ಟಿಸಿದರೆ ಸಾಕು.

ಬೀದರಿಗೆ 2017ರಿಂದ ಹುಮನಾಬಾದ್ ಮೇಲಿಂದ ರೈಲು ಇದೆ. ಹತ್ತುವಾಗ ಅವರು ಮುಂದೆ, ನೀವು ಹಿಂದೆ. ಇಳಿಯುವಾಗ ನೀವು ಮುಂದೆ. ಪೂರ್ಣ ದೃಷ್ಟಿ ಇಲ್ಲ ಎಂದು ಪ್ರಮಾಣಪತ್ರದಲ್ಲಿದ್ದರೆ ರೈಲ್ವೆ ರಿಯಾಯಿತಿ ಅವರಿಗೂ ಸಿಗುತ್ತದೆ, ಜೊತೆಗಿರುವ ಒಬ್ಬರಿಗೂ ಸಿಗುತ್ತದೆ: ಸ್ಲೀಪರ್ ಮತ್ತು ತ್ರೀ ಟೈರ್ ಎಸಿಯಲ್ಲಿ 75%, ಟೂ ಟೈರ್ ಎಸಿಯಲ್ಲಿ 50%. ಬೋಗಿಯ ಪಾಯಖಾನೆಯಲ್ಲಿ ಚಿಲಕ, ನಲ್ಲಿ, ಹಿಡಿಕೆ ಮೂರನ್ನೂ ಒಮ್ಮೆ ಕೈಯಿಂದ ಮುಟ್ಟಿಸಿ ಹೊರಗೆ ನಿಲ್ಲಿ.

ವಿಮಾನಕ್ಕೆ 48 ಗಂಟೆ ಮೊದಲೇ ಕಂಪನಿಗೆ ‘ಪ್ರಯಾಣಿಕರಿಗೆ ಕಣ್ಣು ಕಾಣದು, ನಡೆಯುತ್ತಾರೆ’ ಎಂದು ತಿಳಿಸಿ. ಇದನ್ನು ಹೇಳದಿದ್ದರೆ ಗಾಲಿಕುರ್ಚಿ ತಂದು ಕೂಡಿಸುತ್ತಾರೆ, ಕಾಲು ಗಟ್ಟಿ ಇದ್ದವರಿಗೆ ಅದೊಂದು ಕಿರಿಕಿರಿ. ಕಣ್ಣಿನ ಹನಿ ಔಷಧ ಇನ್ನೂ ಇದ್ದರೆ ಕೈಚೀಲದಲ್ಲೇ ಇರಲಿ. ಬೆಳಗಿನ ಸೀಸೆಗೆ ಒಂದು ರಬ್ಬರ್‌ಬ್ಯಾಂಡ್, ರಾತ್ರಿಯದಕ್ಕೆ ಎರಡು. ಎರಡು ಬೇರೆ ಹನಿಗಳ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಮೊದಲನೆಯದು ತೊಳೆದುಹೋಗುತ್ತದೆ.

ಪ್ರಶ್ನೆ: ಕೋಟೆ ತೋರಿಸಲು ಹಿರಿಯರೊಬ್ಬರನ್ನು ಕರೆತರುತ್ತಿದ್ದಾರೆ, ಅವರಿಗೆ ಕಣ್ಣಿಲ್ಲ. ಏನು ತೋರಿಸುವುದು?
– ಓದುಗಿ, ಬೀದರ್

ಉತ್ತರ: ‘ಎಷ್ಟು ಚಂದ ಐತಿ’ ಎಂದರೆ ಅವರಿಗೆ ಏನೂ ಸಿಗುವುದಿಲ್ಲ. ಎಷ್ಟು ದೂರ, ಎಷ್ಟು ಆಳೆತ್ತರ, ಯಾವ ಕಲ್ಲು, ಆಮೇಲೆ ಬಣ್ಣ. ನಡುವಯಸ್ಸಿನ ಮೇಲೆ ಕಣ್ಣು ಕಳೆದುಕೊಂಡವರಿಗೆ ಬಣ್ಣದ ನೆನಪು ಇರುತ್ತದೆ, ಆದ್ದರಿಂದ ‘ತೊಗರಿಬೇಳೆ ಬಣ್ಣ’ ಅನ್ನಿ, ಅವರು ಕಾಣುತ್ತಾರೆ. ಕೋಟೆಯ ಗೋಡೆಯಲ್ಲಿ ತೂತುತೂತಾದ ಕೆಂಪು ಮುರಕಲ್ಲು ಇದೆ. ಅದನ್ನು ಅಂಗೈ ಪೂರ್ತಿ ಇಟ್ಟು ಮುಟ್ಟಲಿ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಕೂಡಿಸಿದ ಮುತ್ತಿನಚಿಪ್ಪಿನ ಕುಸುರಿಯನ್ನು ಮಾತ್ರ ಮುಟ್ಟಿಸಬೇಡಿ. ಕೈಬೆವರು ಅದಕ್ಕೆ ಕೇಡು. ಬಾಯಲ್ಲೇ ಹೇಳಿ.

ಬೆರಳಿಗೆ ಬೀದರ್ ಕೊಡುವುದು ಬಿದರಿ ಕೆಲಸ, ಅಂದರೆ ಲೋಹದ ಪಾತ್ರೆಯಲ್ಲಿ ಗೆರೆ ಕೆತ್ತಿ ಬೆಳ್ಳಿ ಕೂಡಿಸುವ ಚಿತ್ತಾರ. ಆದರೆ ಹಲವರು ಇಲ್ಲೇ ತಪ್ಪುತ್ತಾರೆ: ಅಂಗಡಿಯಿಂದ ಮುಗಿದ ಹೂದಾನಿ ಕೈಗೆ ಕೊಡುತ್ತಾರೆ. ಬೆಳ್ಳಿತಂತಿಯನ್ನು ಹೊಡೆದು ಕೂಡಿಸಿದ ಮೇಲೆ ಅರದಿಂದ ಉಜ್ಜಿ ಸಮ ಮಾಡಿರುವುದರಿಂದ ಬೆರಳಿಗೆ ಬರೀ ನುಣುಪು, ಚಿತ್ತಾರ ಸಿಗದು. ಕೆಲಸಗಾರರ ಬಳಿ ಕೇಳಿ, ಉಳಿಯಿಂದ ಗೆರೆ ಕೆತ್ತಿ ಇನ್ನೂ ಬೆಳ್ಳಿ ತುಂಬದ ಪಾತ್ರೆ ತೆಗೆದುಕೊಳ್ಳಿ. ಬಳ್ಳಿ, ಎಲೆ, ಅಂಚು ಎಲ್ಲ ಉಗುರಿಗೆ ಎಡವುತ್ತವೆ. ಆಮೇಲೆ ಮುಗಿದದ್ದನ್ನು ಕೊಟ್ಟರೆ ಎರಡರ ಅಂತರ ತಾವೇ ಅರಿಯುತ್ತಾರೆ. ಬಿದರಿ ಪಾತ್ರೆಯದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹ. ಕೋಟೆಯ ಹಳೇ ಮಣ್ಣಿಗೆ ನವಸಾಗರ ಎಂಬ ಲವಣ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗುವುದಿಲ್ಲ. ಆ ಮಣ್ಣನ್ನೂ ಒಂದು ಚಿಟಿಕೆ ಕೈಗೆ ಹಾಕಿ.

ಕಲಬುರಗಿ ಮೇಲೆ ಬರುವವರಾದರೆ ಅಲ್ಲಿನ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ ಬಿಡಬಾರದು. ತೆರೆದ ಅಂಗಳವೇ ಇಲ್ಲ, ಪೂರ್ತಿ ಸೂರು. ಒಳಗೆ ಕಾಲಿಟ್ಟೊಡನೆ ಗಾಳಿ ನಿಂತು ದನಿ ಬದಲಾಗುತ್ತದೆ. ಅಲ್ಲಿ ನೀವು ಸುಮ್ಮನಿರಿ.

ಪ್ರಶ್ನೆ: ನಾನು ಕಂಡದ್ದು ಹೇಳುತ್ತೇನೆ, ಕಣ್ಣು ಕಾಣದ ಅಜ್ಜ ಅದನ್ನೇ ಬರೆಸುತ್ತಾರೆ. ಅದು ಯಾರ ಬರಹ? ಹೊರಗೆ ಹೀಗೆ ಮಾಡಿದವರಿದ್ದಾರಾ?
– ಓದುಗ, ಯಾದಗಿರಿ

ಉತ್ತರ: ಇದ್ದಾರೆ. ಅರ್ಜೆಂಟೀನಾದ ಲೇಖಕ ಹೋರ್ಹೆ ಲೂಯಿಸ್ ಬೋರ್ಹೆಸ್ 1955ರಲ್ಲಿ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರಾದಾಗ ಓದುವ ಕಣ್ಣೇ ಇರಲಿಲ್ಲ. ಅವರಿಗೆ ಕೊನೆವರೆಗೆ ಉಳಿದ ಬಣ್ಣ ಹಳದಿ. ಸಾಲುಗಳನ್ನು ಮನಸ್ಸಿನಲ್ಲೇ ತಿದ್ದಿ ಬರೆಸುತ್ತಿದ್ದರು. ಮುಪ್ಪಿನಲ್ಲಿ, ಸುಮಾರು 38 ವರ್ಷ ಕಿರಿಯರಾದ ಮರಿಯಾ ಕೊಡಾಮಾ ಜೊತೆ ದೇಶದೇಶ ಸುತ್ತಿದರು. 1984ರಲ್ಲಿ ಬಂದ ಅವರ ಪ್ರವಾಸದ ಪುಸ್ತಕದಲ್ಲಿ ಮಾತು ಬೋರ್ಹೆಸರದು, ಫೋಟೊಗಳು ಕೊಡಾಮಾರದು.

ಬರಹ ಅಜ್ಜನದೇ. ಆದರೂ ನಿಮ್ಮ ಕಣ್ಣು ಎಲ್ಲಿ ಬಂತು ಎಂಬ ಲೆಕ್ಕ ಇರಲಿ. ಮೊಬೈಲಿನಲ್ಲಿ ಎರಡು ಧ್ವನಿ ದಾಖಲೆ ಮಾಡಿ: ಒಂದರಲ್ಲಿ ನೀವು ವಿವರಿಸಿದ್ದು, ಇನ್ನೊಂದರಲ್ಲಿ ಅವರು ಬರೆಸಿದ್ದು. ಪ್ರತಿಯೊಂದರ ಆರಂಭದಲ್ಲಿ ಊರು, ತಾರೀಕು ಬಾಯಲ್ಲೇ ಹೇಳಿ. ಮಾತನ್ನು ಯಂತ್ರವೇ ಅಕ್ಷರ ಮಾಡುವ ಧ್ವನಿ ಟೈಪಿಂಗನ್ನೇ ನಂಬಬೇಡಿ, ನಮ್ಮ ಭಾಗದ ಮಾತು ಅದಕ್ಕೆ ಸರಿಯಾಗಿ ಹತ್ತುವುದಿಲ್ಲ. ಅಜ್ಜ ‘ಹೋಗ್ಯಾರ’ ಅಂದಲ್ಲಿ ಯಂತ್ರ ‘ಹೋಗಿದ್ದಾರೆ’ ಎಂದು ಹಾಕಿದ್ದರೆ, ಧ್ವನಿ ಕೇಳಿ ಮೊದಲಿನಂತೆ ಮಾಡಿ, ಓದಿ ಹೇಳಿ, ಅವರು ‘ಹೂಂ’ ಅಂದ ಮೇಲೆ ಮುಂದಿನ ಸಾಲಿಗೆ ಹೋಗಿ.